ಮಳೆಗಾಲದ ಜಗಲಿಗೆ ಮಾಡಿಸಿದ ಸ್ಟೀಲ್ ಸ್ಟ್ಯಾಂಡು: ಎರಡು ಮಳೆಗಾಲ ಬಳಸಿದ ಮೇಲೆ

2023ರ ಜುಲೈನಲ್ಲಿ ಒಂದು ಸಂಜೆ ನಮ್ಮ ಜಗಲಿಯಲ್ಲಿ ನಿಂತು ಎಣಿಸಿದೆ. ಗಂಬೂಟು ನಾಲ್ಕು ಜೊತೆ. ಹವಾಯಿ ಚಪ್ಪಲಿ ಏಳು ಜೊತೆ, ಅದರಲ್ಲಿ ಎರಡು ಯಾರದ್ದೆಂದು ಯಾರಿಗೂ ಗೊತ್ತಿಲ್ಲ. ಮಗನ ಶಾಲೆಯ ಕಪ್ಪು ಶೂ, ಆಟದ ದಿನದ ಬಿಳಿ ಶೂ. ನಮ್ಮ ಮೂವರ ಪೇಟೆ ಚಪ್ಪಲಿ. ರೈನ್‌ಕೋಟು ಐದು. ಕೊಡೆ ಆರು. ಒಂದು ಕಂಬಳಿ, ಎರಡು ಹಾಳೆಟೊಪ್ಪಿ. ಇಷ್ಟೂ ಬಾಗಿಲ ಎಡಬಲಕ್ಕೆ ನೆಲದ ಮೇಲೆ, ಕಿಟಕಿ ಸರಳಿನ ಮೇಲೆ, ಪ್ಲಾಸ್ಟಿಕ್ ಕುರ್ಚಿಯ ಬೆನ್ನ ಮೇಲೆ. ಎಲ್ಲದರ ನೀರು ಇಳಿದು ಹೊಸಿಲ ತನಕ ಹರಿದಿತ್ತು. ಅತ್ತೆ ಅದರ ಮೇಲೆ ಕಾಲಿಟ್ಟು ಜಾರಿದರು. ಪುಣ್ಯಕ್ಕೆ ಬೀಳಲಿಲ್ಲ, ಬಾಗಿಲ ಚೌಕಟ್ಟು ಹಿಡಿದುಕೊಂಡರು. ಆಗ ಅವರಿಗೆ 74 ವರ್ಷ.

ವಿಷಯ ಏನೆಂದರೆ, ಹೊಸ ಶೂ ಕಪಾಟು ಅಲ್ಲೇ ಪಕ್ಕದಲ್ಲಿ ನಿಂತಿತ್ತು. ಎರಡೇ ತಿಂಗಳ ಹಿಂದೆ ನಾನೇ ಆನ್‌ಲೈನ್‌ನಲ್ಲಿ ತರಿಸಿದ್ದೆ. ಅದರೊಳಗೆ ಏನನ್ನೂ ಇಡುವ ಹಾಗಿರಲಿಲ್ಲ.

ಈಗ ಆ ಜಾಗದಲ್ಲಿ ಬೇರೆ ಸ್ಟ್ಯಾಂಡು ಇದೆ. 2024ರ ಮೇನಲ್ಲಿ ತೀರ್ಥಹಳ್ಳಿಯ ಒಂದು ಸ್ಟೀಲ್ ವೆಲ್ಡಿಂಗ್ ಅಂಗಡಿಯಲ್ಲಿ ನಮ್ಮ ಅಳತೆಗೆ ಮಾಡಿಸಿದ್ದು. ಎರಡು ಪೂರ್ತಿ ಮಳೆಗಾಲ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಅದರಲ್ಲಿ 2025ರದ್ದು ಮೇ ಕೊನೆಯಲ್ಲೇ ಹಿಡಿದ ಮಳೆ. ಆದ್ದರಿಂದ ಪರೀಕ್ಷೆ ಚೆನ್ನಾಗಿಯೇ ಆಗಿದೆ. ಮಲೆನಾಡು, ಕೊಡಗು, ಕರಾವಳಿ ಕಡೆ ಮನೆ ಇರುವವರಿಗೆ ಇದರಿಂದ ಉಪಯೋಗ ಆಗಬಹುದು.

ಮೊದಲು ಆ ಕಪಾಟಿನ ಕತೆ ಹೇಳಿಬಿಡುತ್ತೇನೆ. ಯಾಕೆಂದರೆ ಅದೇ ತಪ್ಪನ್ನು ಈಗಲೂ ನಮ್ಮ ಕಡೆ ತುಂಬ ಜನ ಮಾಡುತ್ತಿದ್ದಾರೆ.

ಫೋಟೋದಲ್ಲಿ ಬಹಳ ಚೆಂದ ಇತ್ತು. ಬಿಳಿ ಬಣ್ಣ, ಮೂರು ಬಾಗಿಲು, ಎಳೆದರೆ ಮುಂದಕ್ಕೆ ಬಾಗುವ ನಮೂನೆ. ಗೋಡೆಯಿಂದ ಎಂಟು ಇಂಚು ಮಾತ್ರ ಹೊರಗೆ ಬರುತ್ತದೆ. 12 ಜೊತೆ ಹಿಡಿಯುತ್ತದೆ ಎಂದಿತ್ತು. ಬೆಲೆ ₹4,600. ಬೆಂಗಳೂರಿನಲ್ಲಿ ನನ್ನ ತಂಗಿಯ ಫ್ಲ್ಯಾಟಿನಲ್ಲಿ ಅದನ್ನೇ ನೋಡಿದ್ದೆ. ಅವಳ ಬಾಗಿಲಲ್ಲಿ ಒಂದು ಚಪ್ಪಲಿಯೂ ಕಾಣುವುದಿಲ್ಲ. ನಮ್ಮ ಜಗಲಿಯೂ ಹಾಗೆ ಇರಲಿ ಅಂತ ಆಸೆ ಆಯಿತು.

ಪೆಟ್ಟಿಗೆಯಲ್ಲಿ ಹಲಗೆಗಳು ಬಿಡಿಬಿಡಿಯಾಗಿ ಬಂದವು. ಮನೆಯವರು ಒಂದು ಭಾನುವಾರ ಕೂತು ಜೋಡಿಸಿದರು. ಆ ವರ್ಷ ಜೂನ್‌ನಲ್ಲಿ ಮಳೆ ಕೈಕೊಟ್ಟಿತ್ತು, ಕಪಾಟು ಚೆನ್ನಾಗಿಯೇ ಇತ್ತು. ಜುಲೈನಲ್ಲಿ ಮಳೆ ಒಮ್ಮೆಲೇ ಹಿಡಿಯಿತು. ಹತ್ತೇ ದಿನಕ್ಕೆ ಕೆಳಗಿನ ಬಾಗಿಲು ಬಿಗಿಯಾಯಿತು. ಇನ್ನೊಂದು ವಾರಕ್ಕೆ ಪಕ್ಕದ ಹಲಗೆಯ ಬುಡ ಬನ್ನಿನ ಹಾಗೆ ಉಬ್ಬಿತು. ಸ್ಕ್ರೂ ಕೂತ ಜಾಗದಿಂದ ಪುಡಿ ಉದುರತೊಡಗಿತು. ಬಾಗಿಲು ತೆರೆದರೆ ಒಳಗಿಂದ ಕೊಳೆತ ವಾಸನೆ. ಮಗನ ಕಪ್ಪು ಶೂ ಒಳಗೆ ಇಟ್ಟಿದ್ದೆ, ಮೂರನೇ ದಿನ ತೆಗೆದರೆ ಶೂ ಮೇಲೆಲ್ಲ ಬೂದುಬಣ್ಣದ ಬೂಷ್ಟು. ಒಂದು ಶೂ ಒಳಗೆ ರಕ್ತ ಹೀರುವ ಉಂಬಳ ಬೇರೆ.

ಕಂಪನಿಗೆ ಫೋನ್ ಮಾಡಿದೆ. ವಾಪಸ್ ಕೊಡುವ ದಿನ ಮುಗಿದಿದೆ, ವಾರಂಟಿಯಲ್ಲಿ ನೀರಿನಿಂದ ಆದ ಹಾನಿ ಸೇರುವುದಿಲ್ಲ ಅಂದರು. ಕಾಗದ ತೆಗೆದು ನೋಡಿದರೆ ಹೌದು, ಸಣ್ಣ ಅಕ್ಷರದಲ್ಲಿ ಹಾಗೇ ಬರೆದಿದೆ. ಕೊಳ್ಳುವ ಮೊದಲು ಓದಬೇಕಿತ್ತು. ಆದರೆ ಚಪ್ಪಲಿ ಇಡುವ ಕಪಾಟಿಗೆ ನೀರು ತಾಗಬಾರದು ಎಂದರೆ ಅದನ್ನು ದೊಡ್ಡ ಅಕ್ಷರದಲ್ಲಿ, ಫೋಟೋದ ಕೆಳಗೇ ಬರೆಯಬೇಕಲ್ವಾ?

ಆಮೇಲೆ ನಮ್ಮೂರ ಬಡಗಿಯೊಬ್ಬರು ಅದರ ಒಂದು ತುಂಡು ಮುರಿದು ತೋರಿಸಿದರು. ಮರದ ಪುಡಿ, ಚೂರುಗಳನ್ನು ಅಂಟು ಹಾಕಿ ಒತ್ತಿದ ಹಲಗೆ ಅದು. ಮೇಲೆ ಹೊಳೆಯುವ ಹಾಳೆ ಅಂಟಿಸಿರುತ್ತಾರೆ. ಆ ಹಾಳೆಗೆ ನೀರು ತಾಗಿದರೆ ಏನೂ ಆಗುವುದಿಲ್ಲ. ನೀರು ಹೋಗುವುದು ಅಂಚಿನಿಂದ, ಸ್ಕ್ರೂ ತೂತಿನಿಂದ, ನೆಲಕ್ಕೆ ತಾಗಿದ ಬುಡದಿಂದ. ಒಳಗಿನ ಪುಡಿ ನೀರು ಕುಡಿದು ಉಬ್ಬುತ್ತದೆ. ಒಮ್ಮೆ ಉಬ್ಬಿತು ಅಂದರೆ ಬೇಸಿಗೆಯಲ್ಲಿ ಒಣಗಿದರೂ ಹಳೆಯ ಅಳತೆಗೆ ಬರುವುದಿಲ್ಲ. ಪ್ಲೈವುಡ್ಡಿನಲ್ಲೇ ಮಾಡಿಸುವುದಾದರೆ ಐ.ಎಸ್. 710 ಎಂದು ಮುದ್ರೆ ಇರುವ ಮರೀನ್ ಪ್ಲೈ ತನ್ನಿ, ಎಲ್ಲ ಅಂಚಿಗೂ ಪಟ್ಟಿ ಹೊಡೆಸಿ ಅಂದರು. ಅದು ಒಳ್ಳೆಯ ಸಲಹೆಯೇ. ಆದರೆ ಒದ್ದೆ ಶೂ ಒಳಗಿಟ್ಟು ಬಾಗಿಲು ಹಾಕಿದರೆ ಹಲಗೆ ಉಳಿಯಬಹುದು, ಶೂ ಉಳಿಯುವುದಿಲ್ಲ.

ತಂಗಿಯ ಮನೆಯ ಕಪಾಟು ಇವತ್ತಿಗೂ ಹೊಸದರ ಹಾಗೇ ಇದೆ. ಅದೇ ಕಂಪನಿ, ಅದೇ ಮಾಡೆಲ್. ಅವರಲ್ಲಿ ವರ್ಷಕ್ಕೆ ಸುಮಾರು 1,000 ಮಿ.ಮೀ. ಮಳೆ. ನಮ್ಮ ತೀರ್ಥಹಳ್ಳಿ ಕಡೆಯ ಆಗುಂಬೆಯಲ್ಲಿ ಅದರ ಏಳು ಪಟ್ಟು. ತಂಗಿ ಕಾರಿನಿಂದ ಇಳಿದು ಲಿಫ್ಟಿನಲ್ಲಿ ಬರುತ್ತಾಳೆ, ಶೂ ಒದ್ದೆಯೇ ಆಗುವುದಿಲ್ಲ. ಅವಳಿಗೆ ಬೇಕಾದದ್ದು ಮುಚ್ಚಿಡುವ ಜಾಗ. ನಮಗೆ ಬೇಕಾದದ್ದು ಒಣಗಿಸುವ ಜಾಗ. ಇದು ನನಗೆ ಅರ್ಥ ಆಗಲು ₹4,600 ಖರ್ಚಾಯಿತು.

ಅರ್ಥ ಮಾಡಿಸಿದವರು ಅತ್ತೆ. ಅವರು ಮದುವೆಯಾಗಿ ಬಂದಾಗ ಇದೇ ಮನೆಯ ಜಗಲಿ ಹೇಗಿತ್ತು ಅಂತ ಒಂದು ದಿನ ಹೇಳಿದರು. ಗೋಡೆಯಲ್ಲಿ ಸಾಲಾಗಿ ಗಿಳಿಗೂಟ. ಒಂದೊಂದಕ್ಕೆ ಒಂದೊಂದು ಕಂಬಳಿಕೊಪ್ಪೆ. ಗದ್ದೆ ನೆಟ್ಟಿಯ ಕಾಲದಲ್ಲಿ ಹೆಂಗಸರು ಮಳೆಗೆ ತಲೆ, ಬೆನ್ನು ಮುಚ್ಚಿಕೊಳ್ಳುವ ಗೊರಬುಗಳನ್ನು ಚಾವಡಿಯ ಮೂಲೆಯಲ್ಲಿ ಬೋರಲು ಹಾಕುತ್ತಿದ್ದರು. ಕೆಳಗೆ ಅಡಿಕೆ ದಬ್ಬೆಯ, ಅಂದರೆ ಸೀಳಿದ ಅಡಿಕೆ ಮರದ ಪಟ್ಟಿಗಳ ಅಟ್ಟ, ದಬ್ಬೆ ದಬ್ಬೆಯ ನಡುವೆ ಎರಡು ಬೆರಳು ಸಂದು. ನೀರು ಸಂದಿನಲ್ಲಿ ಇಳಿದು ಓರೆ ನೆಲದ ಮೇಲೆ ಅಂಗಳಕ್ಕೆ ಹರಿದು ಹೋಗುತ್ತಿತ್ತು.

"ಯಾವುದನ್ನೂ ಪೆಟ್ಟಿಗೆಯೊಳಗೆ ಹಾಕ್ತಿರಲಿಲ್ಲ ಮಾರಾಯ್ತಿ. ಗಾಳಿ ಆಡ್ಬೇಕು ಅದಕ್ಕೆ" ಅಂದರು.

ಆ ಗೂಟಗಳು ಈಗ ಇಲ್ಲ. ಮಾವ ಇದ್ದಾಗ ಗೋಡೆಗೆ ಸಿಮೆಂಟು ಹೊಡೆಸುವಾಗ ಕಿತ್ತರಂತೆ. ಎರಡು ಮಾತ್ರ ಅಟ್ಟದ ಮೇಲೆ ಸಿಕ್ಕವು. ಹಲಸಿನ ಮರದವು, ತುದಿಯಲ್ಲಿ ಗಿಳಿಯ ಕೊಕ್ಕಿನ ಹಾಗೆ ಬಾಗಿವೆ. ಕೈಯಲ್ಲಿ ಹಿಡಿದು ನೋಡಿದಾಗ ಗೊತ್ತಾಯಿತು, ಆ ಬಾಗು ಬರೀ ಅಂದಕ್ಕಲ್ಲ. ತುದಿ ಮೇಲಕ್ಕೆ ಎದ್ದಿರುವುದರಿಂದ ಭಾರದ ಒದ್ದೆ ಕಂಬಳಿ ಜಾರುವುದಿಲ್ಲ. ದುಂಡಗಿರುವುದರಿಂದ ಬಟ್ಟೆ ತೂತಾಗುವುದಿಲ್ಲ. ಗೋಡೆಯಿಂದ ಒಂದು ಗೇಣು ಮುಂದೆ ಬರುವುದರಿಂದ ಹಿಂದೆ ಗಾಳಿಗೆ ಜಾಗ. ಈ ಮೂರನ್ನೂ ನಾನು ಹೊಸ ಸ್ಟ್ಯಾಂಡಿಗೆ ತೆಗೆದುಕೊಂಡೆ.

ದಬ್ಬೆಯಲ್ಲೇ ಮಾಡಿಸಬಹುದಿತ್ತು, ನಮ್ಮ ತೋಟದಲ್ಲೇ ಸಿಗುತ್ತದೆ. ಆದರೆ ನಮ್ಮ ಜಗಲಿ ಪಡುವಣ ದಿಕ್ಕಿಗೆ ತೆರೆದಿದೆ, ಇರಚಲು ನೇರ ಹೊಡೆಯುತ್ತದೆ. ಮಳೆ ತಾಗಿದ ದಬ್ಬೆ ಎರಡು ವರ್ಷಕ್ಕೆ ಲಡ್ಡಾಗುತ್ತದೆ. ಹೊಗೆ ತಾಗುವ ಅಟ್ಟದಲ್ಲಾದರೆ ಮಾತ್ರ ಅದು ಬಾಳುವುದು.

ಮಾಡಿಸುವ ಮೊದಲು ನಾನು ಒಂದು ಕೆಲಸ ಮಾಡಿದೆ, ನೀವೂ ಮಾಡಿ. ಜಗಲಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಮನೆಯವರ ಗಂಬೂಟು ಇಟ್ಟು ಅಳೆದೆ: ಉದ್ದ ಒಂದು ಅಡಿಗೆ ಸ್ವಲ್ಪ ಜಾಸ್ತಿ, ಎತ್ತರ 15 ಇಂಚು. ದೊಡ್ಡವರ ಒಂದು ಜೊತೆ ಚಪ್ಪಲಿಗೆ ಅಗಲ ಎಂಟು ಇಂಚು ಬೇಕು. ಮನೆಯವರ ರೈನ್‌ಕೋಟು ಕೊಕ್ಕೆಯಿಂದ ಅಂಚಿನ ತನಕ 45 ಇಂಚು. ಮಾರುಕಟ್ಟೆಯ ಸ್ಟ್ಯಾಂಡುಗಳಲ್ಲಿ ತಟ್ಟೆಯಿಂದ ತಟ್ಟೆಗೆ ಆರೇಳು ಇಂಚು ಅಂತರ. ಅಲ್ಲಿ ಗಂಬೂಟು ನಿಲ್ಲುವುದೇ ಇಲ್ಲ. ತೋಟದ ಮನೆಗೆ ಗಂಬೂಟೇ ಮುಖ್ಯ, ಅದಕ್ಕೇ ಜಾಗ ಇಲ್ಲ ಅಂದರೆ ಹೇಗೆ?

ಎಲ್ಲಿ ಇಡುವುದು ಎಂಬ ವಿಷಯಕ್ಕೆ ಮನೆಯಲ್ಲಿ ಎರಡು ದಿನ ಮಾತಾಯಿತು. ಮನೆಯವರಿಗೆ ಬಾಗಿಲ ಎದುರಿಗೇ ಬೇಕು, ಬಂದ ಕೂಡಲೇ ಕೋಟು ತೆಗೆದು ಹಾಕಬಹುದು ಎಂದು. ಚಪ್ಪಲಿ ಹೊಸಿಲಿಗೆ ಮುಖ ಮಾಡಿ ಇರಬಾರದು ಎಂದು ಅತ್ತೆ. ಕೊನೆಗೆ ಎಡಗೋಡೆಗೆ, ಮೆಟ್ಟಿಲು ಹತ್ತಿದ ಕೂಡಲೇ ಸಿಗುವ ಹಾಗೆ ಇಟ್ಟೆವು. ಅತ್ತೆ ಹೇಳಿದ್ದೇ ಸರಿಯಾಯಿತು. ಬಾಗಿಲ ಎದುರು ಇಟ್ಟಿದ್ದರೆ ಒದ್ದೆ ಕೋಟು ಹಾಕಿಕೊಂಡು ಇಡೀ ಜಗಲಿ ದಾಟಬೇಕಿತ್ತು. ಈಗ ನೀರು ಮೆಟ್ಟಿಲ ಹತ್ತಿರವೇ ನಿಲ್ಲುತ್ತದೆ.

ಇನ್ನು ಸ್ಟೀಲಿನ ಮಾತು. ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ದುಡ್ಡು ಹೋಗುವುದು ಇಲ್ಲೇ.

ಪೇಟೆಯಲ್ಲಿ ಸಿಗುವ ಬಣ್ಣ ಹೊಡೆದ ಕಬ್ಬಿಣದ ಪೈಪಿನ ಸ್ಟ್ಯಾಂಡು ನಮ್ಮಲ್ಲಿ ಮೊದಲು ಒಂದಿತ್ತು. ಬಣ್ಣ ಹೊರಗೆ ಮಾತ್ರ. ಪೈಪಿನ ಕತ್ತರಿಸಿದ ತುದಿಯಿಂದ ನೀರು ಒಳಗೆ ಹೋಗಿ ಒಳಗಿಂದ ತುಕ್ಕು ತಿನ್ನುತ್ತದೆ. ಒಂದು ದಿನ ಕಾಲು ಕುಸಿದಾಗಲೇ ಗೊತ್ತಾಗುವುದು. ಅಡಿಕೆ ತೋಟದ ಮನೆಯಲ್ಲಿ ಇನ್ನೊಂದು ಕಾರಣವೂ ಇದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕೆ.ಜಿ. ಸುಣ್ಣ. ದ್ರಾವಣ ಹದವಾಗಿದೆಯೇ ಎಂದು ನೋಡಲು ಕಬ್ಬಿಣದ ಚಾಕು ಅದ್ದುತ್ತೇವೆ. ಸುಣ್ಣ ಸಾಲದಿದ್ದರೆ ಚಾಕಿನ ಮೇಲೆ ಕೆಂಪಗೆ ತಾಮ್ರ ಹತ್ತುತ್ತದೆ. ಮೈಲುತುತ್ತ ಕಬ್ಬಿಣವನ್ನು ಹೇಗೆ ತಿನ್ನುತ್ತದೆ ಎಂಬುದನ್ನು ನಾವು ಪ್ರತಿ ವರ್ಷ ಕಣ್ಣಾರೆ ನೋಡುತ್ತೇವೆ. ಅದೇ ಔಷಧಿ ಸಿಡಿದ ಕೋಟು, ಗಂಬೂಟುಗಳನ್ನು ತಂದು ಕಬ್ಬಿಣದ ಸ್ಟ್ಯಾಂಡಿಗೆ ಹಾಕುತ್ತೇವೆ. ನಮ್ಮ ಹಳೆಯ ಸ್ಟ್ಯಾಂಡು ಮನೆಯವರು ಮೈಲುತುತ್ತ ಕಲಸುವಾಗ ಹಾಕುವ ಕೋಟು ನೇತಾಡುತ್ತಿದ್ದ ಜಾಗದಲ್ಲೇ ಮೊದಲು ತೂತು ಬಿದ್ದಿತ್ತು.

ಅಂಗಡಿಯಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಎರಡು ಗ್ರೇಡಿಗೆ ಎರಡು ರೇಟು ಹೇಳಿದರು. 202 ಸ್ಟೀಲಾದರೆ ಕಡಿಮೆ, 304 ಆದರೆ ಜಾಸ್ತಿ. ನೋಡಲು ಎರಡೂ ಒಂದೇ ಹೊಳಪು. 304ರಲ್ಲಿ ಸುಮಾರು ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕಲ್. 202ರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ. ಮನೆಯೊಳಗಿನ ಮೆಟ್ಟಿಲ ರೇಲಿಂಗಿಗೆ 202 ನಡೆಯುತ್ತದೆ. ನಾಲ್ಕು ತಿಂಗಳು ಒದ್ದೆಯಾಗಿರುವ ಜಾಗಕ್ಕೆ ಬೇಡ. ಅಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ ಎಂದು ಹಲವರು ಹೇಳುತ್ತಾರೆ. ಅದು ತಪ್ಪು, ಎರಡಕ್ಕೂ ಅಯಸ್ಕಾಂತ ಸರಿಯಾಗಿ ಹಿಡಿಯುವುದಿಲ್ಲ. ಪೈಪಿನ ಮೇಲೆ ಉದ್ದಕ್ಕೂ ಗ್ರೇಡು ಮುದ್ರಿಸಿರುತ್ತದೆ, ಕತ್ತರಿಸುವ ಮೊದಲು ಅದನ್ನು ನೋಡಿ. ನಮಗೆ ಮಾಡಿಕೊಟ್ಟವರ ಹತ್ತಿರ ಸ್ಟೀಲು ಪರೀಕ್ಷಿಸುವ ದ್ರಾವಣದ ಒಂದು ಸಣ್ಣ ಬಾಟಲಿ ಇತ್ತು. ಒಂದು ಹನಿ ಹಾಕಿ ಬ್ಯಾಟರಿ ತಾಗಿಸಿದರು. 202ರ ತುಂಡಿನ ಮೇಲೆ ಹನಿ ಕೆಂಪಾಯಿತು, 304ರ ಮೇಲೆ ಆಗಲಿಲ್ಲ.

"ನೋಡ್ಕೊಳ್ಳಿ ಅಕ್ಕ, ಆಮೇಲೆ ನನ್ನ ಬೈಬೇಡಿ" ಅಂದರು. ನಾನು ಕೇಳದೇ ತೋರಿಸಿದ್ದು ಅದು. ಆ ಒಂದು ಕಾರಣಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ಒಟ್ಟು 15 ಕೆ.ಜಿ. ತೂಗಿತು. ಕೂಲಿ ಸೇರಿ ಕೆ.ಜಿ.ಗೆ ₹580ರಂತೆ ₹8,700. ಕೆಳಗಿನ ತಟ್ಟೆಗೆ ಬೇರೆ ₹1,100. ಒಟ್ಟು ₹9,800. ಆರು ದಿನದಲ್ಲಿ ಕೊಡುತ್ತೇನೆ ಎಂದವರು ಹನ್ನೊಂದು ದಿನಕ್ಕೆ ಕೊಟ್ಟರು. ಮಳೆಯ ಮೊದಲು ಎಲ್ಲರಿಗೂ ಶೀಟು, ಗಟಾರದ ಕೆಲಸ ಇರುತ್ತದೆ. ಮಾಡಿಸುವುದಾದರೆ ಮಾರ್ಚ್‌ನಲ್ಲೇ ಹೇಳಿಬಿಡಿ.

ಈಗ ಸ್ಟ್ಯಾಂಡು ಹೇಗಿದೆ ಎಂದು ಹೇಳುತ್ತೇನೆ. ಅಗಲ ನಾಲ್ಕೂವರೆ ಅಡಿ. ಹಿಂದಿನ ಚೌಕಟ್ಟು ಆರಡಿ ಎತ್ತರ. ಮುಂದೆ 17 ಇಂಚು ಎತ್ತರದ ಬೆಂಚು, ಅದರ ಕೆಳಗೆ ಎರಡು ಅಂತಸ್ತಿನಲ್ಲಿ ಚಪ್ಪಲಿ. ಬೆಂಚಿನ ಮೇಲಿನ ಹಲಗೆ ಮಾತ್ರ ಮರ. ಹಳೆಯ ಹಲಸಿನ ಬಾಗಿಲ ತುಂಡು ಮನೆಯಲ್ಲೇ ಇತ್ತು. ಬೆಂಚು ಬಲಕ್ಕಿದೆ, ಮೂರಡಿ. ಎಡಕ್ಕೆ ಉಳಿದ ಒಂದೂವರೆ ಅಡಿ ಜಾಗ ಗಂಬೂಟಿಗೆ.

ಗಂಬೂಟಿನ ಜಾಗ ನನಗೆ ಅತಿ ಇಷ್ಟವಾದದ್ದು. ಅಲ್ಲಿ ತಟ್ಟೆಯೇ ಇಲ್ಲ. ಚೌಕಟ್ಟಿನಿಂದ ಓರೆಯಾಗಿ ಮೇಲಕ್ಕೆ ಎದ್ದ ಸರಳುಗಳು, ಒಂದೊಂದೂ ಒಂದು ಅಡಿ ಉದ್ದ. ಒಟ್ಟು ಎಂಟು, ಮೇಲೊಂದು ಸಾಲು, ಕೆಳಗೊಂದು ಸಾಲು. ಗಂಬೂಟನ್ನು ತಲೆಕೆಳಗಾಗಿ ಸರಳಿಗೆ ಏರಿಸಬೇಕು. ನೀರು ಕೆಳಗೆ ಸೋರುತ್ತದೆ, ಓರೆ ಇರುವುದರಿಂದ ಬಾಯಿ ಮುಚ್ಚಿಹೋಗುವುದಿಲ್ಲ, ಒಳಗೆ ಗಾಳಿ ಆಡುತ್ತದೆ. ನೆಟ್ಟಗೆ ನಿಲ್ಲಿಸಿದ ಗಂಬೂಟಿನೊಳಗೆ ಏನೇನು ಸೇರುತ್ತದೆ ಎಂಬುದು ನಮ್ಮ ಕಡೆಯವರಿಗೆ ಗೊತ್ತು. ಕಪ್ಪೆ ಸೇರಿದರೆ ಚಿಂತೆ ಇಲ್ಲ. ಚೇಳು ಸೇರುತ್ತದೆ, ಮರಿಹಾವು ಸೇರುತ್ತದೆ. ಬೆಳಿಗ್ಗೆ ಕತ್ತಲಲ್ಲಿ ಕಾಲು ತೂರಿಸುವಾಗ ಪ್ರತಿ ಸಲ ಬಡಿದು ನೋಡಬೇಕು. ಈಗಲೂ ಬಡಿದೇ ಹಾಕುತ್ತೇವೆ, ಆ ಅಭ್ಯಾಸ ಬಿಡಬಾರದು. ಆದರೆ ಎರಡು ಮಳೆಗಾಲದಲ್ಲಿ ಒಮ್ಮೆಯೂ ಒಳಗಿಂದ ಏನೂ ಬಿದ್ದಿಲ್ಲ.

ಕೊಕ್ಕೆಗಳು ಆರು. ಎರಡರ ನಡುವೆ ಒಂಬತ್ತು ಇಂಚು. ಮೊದಲು ನಾನು ಹತ್ತು ಕೊಕ್ಕೆ ಕೇಳಿದ್ದೆ. ಹತ್ತಿರ ಹತ್ತಿರ ಹಾಕಿದರೆ ಒಂದರ ನೀರು ಇನ್ನೊಂದಕ್ಕೆ ಹತ್ತಿ ಯಾವುದೂ ಒಣಗುವುದಿಲ್ಲ ಎಂದು ವೆಲ್ಡಿಂಗಿನವರೇ ತಡೆದರು. ತುದಿಯನ್ನು ಗಿಳಿಗೂಟದ ಹಾಗೆ ಮೇಲಕ್ಕೆ ಬಾಗಿಸಿ, ಅಲ್ಲಿ ಗೋಲಿಯಷ್ಟು ದಪ್ಪದ ಗುಂಡು ಕೂರಿಸಿದ್ದಾರೆ. ಹಳೆಯ ಮೊಳೆಗೆ ನೇತುಹಾಕಿ ಟೊಪ್ಪಿಯ ಹತ್ತಿರ ಹರಿದ ಮೂರು ರೈನ್‌ಕೋಟು ನಮ್ಮಲ್ಲಿವೆ. ಈ ಎರಡು ವರ್ಷದಲ್ಲಿ ಒಂದೂ ಹರಿದಿಲ್ಲ. ಐದು ಕೊಕ್ಕೆ ಐದೂಮುಕ್ಕಾಲು ಅಡಿ ಎತ್ತರದಲ್ಲಿ, ಗಂಬೂಟಿನ ಬದಿಗೆ ಬರದ ಹಾಗೆ ಸ್ವಲ್ಪ ಬಲಕ್ಕೆ. ಒಂದು ಮಾತ್ರ ಮೂರೂಕಾಲು ಅಡಿಯಲ್ಲಿ, ಮಗನಿಗೆ. ಆ ಒಂದು ಕೊಕ್ಕೆ ಮಾಡಿದ ಉಪಕಾರ ದೊಡ್ಡದು. ಮೊದಲು ಅವನು ಕೋಟನ್ನು ನೆಲದ ಮೇಲೆ ಬಿಸಾಡಿ ಒಳಗೆ ಓಡುತ್ತಿದ್ದ, ನಾನು ದಿನಾ ಗದರುತ್ತಿದ್ದೆ. ಕೊಕ್ಕೆ ಅವನ ಕೈಗೆ ಸಿಕ್ಕಿದ ದಿನದಿಂದ ತಾನೇ ಹಾಕುತ್ತಾನೆ. ಇಷ್ಟು ದಿನ ಅವನ ಕೈಗೆ ಎಟುಕದ ಜಾಗ ತೋರಿಸಿ ಗದರಿದ್ದು ನನ್ನದೇ ತಪ್ಪು ಎಂದು ನನಗೆ ಅನ್ನಿಸಿತು.

ಚಪ್ಪಲಿಯ ಅಂತಸ್ತುಗಳು ತಗಡಲ್ಲ, ಅರ್ಧ ಇಂಚಿನ ದುಂಡು ಪೈಪುಗಳು, ನಡುವೆ ಎರಡು ಬೆರಳು ಸಂದು. ದಬ್ಬೆಯ ಅಟ್ಟದ ಲೆಕ್ಕವೇ. ಕೆಸರು ಒಣಗಿದರೆ ಉದುರಿ ಕೆಳಗೆ ಬೀಳುತ್ತದೆ. ಮಕ್ಕಳ ಸಣ್ಣ ಚಪ್ಪಲಿ ಈ ಸಂದಿನಲ್ಲಿ ಸಿಕ್ಕಿ ಓರೆಯಾಗುತ್ತದೆ, ಅದೊಂದು ತೊಂದರೆ. ಚಿಕ್ಕ ಮಕ್ಕಳಿರುವ ಮನೆಯವರು ಸಂದು ಒಂದು ಬೆರಳಿಗೆ ಇಳಿಸಿ.

ಎಲ್ಲದರ ಕೆಳಗೆ ಉದ್ದಕ್ಕೂ ಒಂದು ಸ್ಟೀಲ್ ತಟ್ಟೆ. ಒಂದು ಬದಿಗೆ ಇಳಿಜಾರು, ಮೂಲೆಯಲ್ಲಿ ತೂತು, ತೂತಿನಿಂದ ಒಂದು ರಬ್ಬರ್ ಪೈಪು ಜಗಲಿಯ ಅಂಚಿನ ಮೋರಿಗೆ. ತೂತು ಇರಲೇಬೇಕು. ನೀರು ತುಂಬಿದಾಗ ಎತ್ತಿ ಚೆಲ್ಲುವ ತಟ್ಟೆ ಯಾರೂ ಚೆಲ್ಲುವುದಿಲ್ಲ. ವಾರಗಟ್ಟಲೆ ನಿಂತ ತಿಳಿನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಮರಿ ಮಾಡುತ್ತದೆ. ನಮ್ಮ ತೂತು ಸಣ್ಣದಾಯಿತು, ಮುಕ್ಕಾಲು ಇಂಚು. ಕೆಸರು, ಎಲೆ ಚೂರು ಕಟ್ಟಿಕೊಂಡು ವಾರಕ್ಕೊಮ್ಮೆ ಕಡ್ಡಿ ಹಾಕಬೇಕು. ಒಂದೂವರೆ ಇಂಚು ಕೇಳಿ.

ಬೆಂಚಿನ ಬಗ್ಗೆ ಅತ್ತೆಯ ಮಾತೇ ಬರೆಯುತ್ತೇನೆ. "ಈಗ ಚಪ್ಪಲಿ ಹಾಕ್ಕೊಳ್ಳೋಕೆ ಯಾರನ್ನೂ ಕರೀಬೇಕಾಗಿಲ್ಲ" ಅಂದರು. ಮೊದಲು ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುತ್ತಿದ್ದರು. ಈಗ ಕೂತು ಹಾಕಿಕೊಂಡು, ಪಕ್ಕದ ಪೈಪು ಹಿಡಿದು ಏಳುತ್ತಾರೆ. ಆ ಪೈಪನ್ನು ನಾನು ಕೇಳಿರಲಿಲ್ಲ. ಅಳತೆಗೆ ಬಂದಾಗ ಅತ್ತೆಯನ್ನು ನೋಡಿ ವೆಲ್ಡಿಂಗಿನವರೇ ಸೇರಿಸಿದ್ದು.

ಈಗ ಕೊರತೆಗಳು. 2024ರ ಆಗಸ್ಟ್‌ನಲ್ಲಿ, ಆಶ್ಲೇಷ ಮಳೆಯ ಹೊತ್ತಿಗೆ, ಎರಡು ಬೆಸುಗೆಯ ಹತ್ತಿರ ಕಂದು ಚುಕ್ಕೆ ಕಂಡಿತು. ನನಗೆ ಎದೆ ಧಸಕ್ಕೆಂದಿತು, 304 ಎಂದು ಮೋಸ ಹೋದೆನೇ ಅಂತ. ವೆಲ್ಡಿಂಗಿನವರಿಗೆ ಫೋಟೋ ಕಳಿಸಿದೆ. ಮೂರನೇ ದಿನ ಆ ಮಳೆಯಲ್ಲೇ ಬಂದರು. ಪೈಪಿನದ್ದಲ್ಲ, ಬೆಸುಗೆಯದ್ದು ಎಂದು ವಿವರಿಸಿದರು. ಬೆಸುಗೆಯ ಕಾವಿಗೆ ಸ್ಟೀಲಿನ ಮೇಲೆ ನೀಲಿ ಬಣ್ಣ ಬರುತ್ತದೆ. ಅದನ್ನು ಪೂರ್ತಿ ಉಜ್ಜಿ ತೆಗೆಯದಿದ್ದರೆ ಆ ಜಾಗಕ್ಕೆ ತುಕ್ಕು ತಡೆಯುವ ಶಕ್ತಿ ಕಡಿಮೆ. ಕಬ್ಬಿಣ ಉಜ್ಜಿದ ಚಕ್ರದಲ್ಲೇ ಸ್ಟೀಲು ಉಜ್ಜಿದರೂ ಕಬ್ಬಿಣದ ಪುಡಿ ಅಂಟಿ ಚುಕ್ಕೆ ಏಳುತ್ತದೆ. ತಮ್ಮ ಹುಡುಗ ಎರಡೂ ಮಾಡಿರಬೇಕು ಎಂದು ಒಪ್ಪಿಕೊಂಡು, ಎಲ್ಲ ಬೆಸುಗೆಯನ್ನೂ ಮತ್ತೆ ಉಜ್ಜಿ ಪಾಲಿಶ್ ಮಾಡಿದರು. ದುಡ್ಡು ತೆಗೆದುಕೊಳ್ಳಲಿಲ್ಲ. 2025ರ ಮಳೆಗಾಲ ಐದು ತಿಂಗಳು ಎಳೆಯಿತು. ಮತ್ತೆ ಚುಕ್ಕೆ ಬಂದಿಲ್ಲ. ನೀವು ಮಾಡಿಸುವಾಗ ಆರ್ಗಾನ್ ಬೆಸುಗೆ ಕೇಳಿ, ಸ್ಟೀಲಿಗೆ ಬೇರೆ ಚಕ್ರ ಬಳಸುತ್ತೀರಾ ಎಂದು ಮೊದಲೇ ಕೇಳಿ.

ಎರಡನೆಯದು, ಇದು ಚರ್ಮದ ಶೂಗೆ ಸಾಲದು. ರಬ್ಬರು, ಪ್ಲಾಸ್ಟಿಕ್ಕು ಗಾಳಿಗೇ ಒಣಗುತ್ತವೆ. ಚರ್ಮ, ಕ್ಯಾನ್ವಾಸು ಜೂನ್ ಕೊನೆಯ ಆರಿದ್ರಾ ಮಳೆಯ ಗಾಳಿಗೆ ಒಣಗುವುದಿಲ್ಲ, ಆ ಗಾಳಿಯೇ ಒದ್ದೆ. ಮಗನ ಶಾಲೆಯ ಶೂಗೆ ನಾನು ಮಾಡುವುದು ಹೀಗೆ. ಬಂದ ಕೂಡಲೇ ಒಳಗಿನ ಅಟ್ಟೆ ತೆಗೆದು, ಹಳೆಯ ಪೇಪರ್ ಉಂಡೆ ಮಾಡಿ ತುರುಕುತ್ತೇನೆ. ಒಂದು ಗಂಟೆ ಬಿಟ್ಟು ಪೇಪರ್ ಬದಲಿಸುತ್ತೇನೆ. ರಾತ್ರಿ ಬಚ್ಚಲೊಲೆಯ ಹತ್ತಿರ, ಆದರೆ ಮೂರಡಿ ದೂರ ಇಡುತ್ತೇನೆ. ತೀರಾ ಹತ್ತಿರ ಇಟ್ಟರೆ ಚರ್ಮ ಸೀಳುತ್ತದೆ, ಅಡಿಯ ಅಂಟು ಬಿಡುತ್ತದೆ. ಪೇಟೆ ಚಪ್ಪಲಿಗಳನ್ನು ಮಳೆಗಾಲ ಮುಗಿಯುವ ತನಕ ಒಳಗಿನ ಮರದ ಕಪಾಟಿನಲ್ಲಿ ಇಡುತ್ತೇವೆ. ಕಪಾಟಿನೊಳಗೆ 40 ವ್ಯಾಟಿನ ಹಳೆಯ ನಮೂನೆಯ ಬಲ್ಬು ಉರಿಯುತ್ತದೆ. ಎಲ್‌ಇಡಿ ಹಾಕಿದರೆ ಸಾಲದು, ಬೇಕಾದದ್ದು ಬೆಳಕಲ್ಲ, ಬಿಸಿ. ಬಟ್ಟೆ, ಚಪ್ಪಲಿ ಬಲ್ಬಿಗೆ ತಾಗದ ಹಾಗೆ ಸುತ್ತ ತಂತಿಯ ಬುಟ್ಟಿ ಹಾಕಿಸಿದ್ದೇವೆ.

ಕೊಡೆಯ ವಿಷಯ ನಾನು ಮರೆತೇಬಿಟ್ಟಿದ್ದೆ. ನೆಂಟರು ಬಂದರೆ ಅವರ ಕೊಡೆ ಬೆಂಚಿನ ಮೇಲೆ ಕೂರುತ್ತದೆ, ಅತ್ತೆ ಕೂರುವ ಜಾಗ ಒದ್ದೆ. ಸದ್ಯಕ್ಕೆ ಚೌಕಟ್ಟಿನ ಬಲಬದಿಗೆ ಒಂದು ಪೈಪು ಅಡ್ಡ ಕಟ್ಟಿದ್ದೇವೆ, ಹಿಡಿ ಸಿಕ್ಕಿಸಿದರೆ ನೀರು ತಟ್ಟೆಗೇ ಇಳಿಯುತ್ತದೆ. ಮೂರು ಮಡಿಕೆಯ ಸಣ್ಣ ಕೊಡೆಗಳಿಗೆ ಬಾಗಿದ ಹಿಡಿ ಇಲ್ಲ, ದಾರ ಸಿಕ್ಕಿಸಬೇಕು.

ಅಂದದ ಮಾತು ಬಂದರೆ, ಇದು ಮನೆಯ ಸಾಮಾನಿನ ಹಾಗೆ ಕಾಣುವುದಿಲ್ಲ, ಆಸ್ಪತ್ರೆಯ ಸಾಮಾನಿನ ಹಾಗೆ ಕಾಣುತ್ತದೆ ಎಂದು ತಂಗಿ ಹೇಳಿದಳು. ಇರಬಹುದು. ಹಲಸಿನ ಹಲಗೆ ಇರುವುದರಿಂದ ನನಗೆ ಹಾಗೆ ಅನ್ನಿಸಿಲ್ಲ. ನನ್ನ ಕಣ್ಣಿಗೆ ಒಣಗಿದ ಹೊಸಿಲೇ ಚೆಂದ.

₹9,800 ಕಡಿಮೆ ದುಡ್ಡಲ್ಲ. ಅಷ್ಟು ಹಾಕಲು ಆಗದವರು ಮೂರು ಕೆಲಸವನ್ನಾದರೂ ಮಾಡಿ. ಗೋಡೆಗೆ ದುಂಡು ತುದಿಯ ನಾಲ್ಕು ಕೊಕ್ಕೆ ದೂರದೂರ ಹೊಡೆಸಿ, ಒಂದನ್ನು ಮಕ್ಕಳ ಎತ್ತರಕ್ಕೆ. ಗಂಬೂಟು ಏರಿಸಲು ಒಂದು ಮರದ ತುಂಡಿಗೆ ಓರೆಯಾಗಿ ಗೂಟ ಬಡಿಸಿ. ಚಪ್ಪಲಿಯನ್ನು ನೆಲದಿಂದ ನಾಲ್ಕು ಇಂಚಾದರೂ ಮೇಲೆ, ಸಂದು ಇರುವ ಯಾವುದರ ಮೇಲಾದರೂ ಇಡಿ. ಇದಿಷ್ಟು ಸಾವಿರ ರೂಪಾಯಿಯೊಳಗೆ ಆಗುತ್ತದೆ, ಅರ್ಧ ಸಮಸ್ಯೆ ಅಲ್ಲೇ ಕಳೆಯುತ್ತದೆ.

ಅಂಗಡಿಯ ಹೆಸರು ಬರೆದಿಲ್ಲ, ಅದಕ್ಕೆ ಕಾರಣ ಇಷ್ಟೇ. ಪ್ರತಿ ಪೇಟೆಯಲ್ಲೂ ಇಂಥ ಒಂದು ಅಂಗಡಿ ಇರುತ್ತದೆ. ಮೇಲಿನ ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ಅಳತೆ ಮಾತ್ರ ನಿಮ್ಮ ಮನೆಯ ಗಂಬೂಟು ಇಟ್ಟೇ ತೆಗೆಯಿರಿ.

ಬರುವ ಏಪ್ರಿಲ್‌ನಲ್ಲಿ ನಮ್ಮದಕ್ಕೆ ಮೂರು ಬದಲಾವಣೆ ಹೇಳಿದ್ದೇನೆ. ತಟ್ಟೆಯ ತೂತು ದೊಡ್ಡದು ಮಾಡಬೇಕು. ಕೊಡೆಗೆ ಸರಿಯಾದ ಜಾಗ ಬೇಕು. ಮಗನ ಕೊಕ್ಕೆಯನ್ನು ಅರ್ಧ ಅಡಿ ಮೇಲೆ ಏರಿಸಬೇಕು, ಅವನ ಕೋಟು ಈಗ ಚಪ್ಪಲಿಗೆ ತಾಗುತ್ತಿದೆ.